ಶೀನಪ್ಪಣ್ಣನ ಉಂಡೆ, ದಮಯಂತಿಯ ಪರಿಹಾರ

ಜಾಲ್ಸೂರಿನ ಟೈಲರ್ ಶೀನಪ್ಪಣ್ಣನಿಗೆ ಯಾರ ಮುಖ ನೋಡಿಯೂ ‘ಇಲ್ಲ’ ಅನ್ನಲು ಬರುತ್ತಿರಲಿಲ್ಲ. ಬಟ್ಟೆ ತಂದವರಿಗೆಲ್ಲ ‘ಆಯ್ತು’, ಯಾವಾಗ ಸಿಗುತ್ತದೆ ಎಂದು ಕೇಳಿದವರಿಗೆಲ್ಲ ‘ನೋಡುವ’. ಈ ಎರಡು ಮಾತಿನ ಬಂಡವಾಳದಲ್ಲೇ ಆತ ಅಂಗಡಿ ನಡೆಸಿದ್ದು. ಕೈಕೆಲಸದಲ್ಲಿ ಅವನಿಗೆ ಸಮ ಇನ್ನೊಬ್ಬ ಸುಳ್ಯದವರೆಗೆ ಹುಡುಕಿದರೂ ಇರಲಿಲ್ಲ, ಹೇಳಿದ ದಿನಕ್ಕೆ ಕೊಡದಿರುವುದರಲ್ಲಿ ಪುತ್ತೂರಿನವರೆಗೆ ಹುಡುಕಿದರೂ ಇರಲಿಲ್ಲ.

ಅವನೊಬ್ಬನನ್ನೇ ದೂರಿ ಫಲವಿಲ್ಲ. ನಮ್ಮ ಕಡೆ ‘ಇಲ್ಲ’ ಅನ್ನುವುದು ಅಷ್ಟು ಸುಲಭದ ಮಾತಲ್ಲ. ಮನೆಯಿಂದ ಹೊರಡುವವನು ‘ಹೋಗ್ತೇನೆ’ ಅನ್ನುವುದಿಲ್ಲ, ‘ಬರ್ತೇನೆ’ ಅನ್ನುತ್ತಾನೆ. ಮದುವೆಗೆ ಕರೆಯಲು ಬಂದವರಿಗೆ ಬರಲಾಗುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ‘ನೋಡುವ’ ಅನ್ನುತ್ತಾರೆ, ಕರೆದವರೂ ಒಂದು ಎಲೆ ಕಡಿಮೆ ಎಂದುಕೊಂಡು ಮೆಟ್ಟಿಲಿಳಿಯುತ್ತಾರೆ. ಆದರೆ ಉಳಿದವರೆಲ್ಲ ಅಗತ್ಯಕ್ಕೆ ಆ ಮಾತನ್ನು ಬಳಸಿದರೆ ಶೀನಪ್ಪಣ್ಣ ಅದರಲ್ಲೇ ವಾಸ ಮಾಡುತ್ತಿದ್ದ.

ನಾನು ಜಾಲ್ಸೂರಿಗೆ ಟೀಚರಾಗಿ ಬಂದದ್ದು ಎಪ್ಪತ್ತಾರರಲ್ಲಿ. ಕಾಸರಗೋಡಿನ ರಸ್ತೆ ಕವಲೊಡೆಯುವಲ್ಲಿ ಚಹಾ ಹೋಟೆಲಿನ ಪಕ್ಕ ಅವನ ಒಂದು ಕೋಣೆಯ ಅಂಗಡಿ. ಎದುರಿಗೆ ಒಂದು ಬೆಂಚು, ಬಸ್ಸು ಕಾಯುವ ಹೆಂಗಸರೆಲ್ಲ ಅದರಲ್ಲೇ ಕೂರುವುದು. ಒಳಗೆ ಮಿಷನ್ನಿನ ಹಿಂದೆ ಶೀನಪ್ಪಣ್ಣ. ಬಾಗಿಲ ಬೆಳಕಿಗೆ ಮುಖ ಮಾಡಿ, ಕಾಜಾ ತೆಗೆದು ಬಟನ್ ಹೊಲಿಯುವ ದಮಯಂತಿ. ಮೊದಲು ಬೀಡಿ ಕಟ್ಟುತ್ತಿದ್ದವಳು, ಆ ಕೆಲಸ ಬೇಸರ ಬಂದು ಸೂಜಿ ಹಿಡಿದಿದ್ದಳು. ಅವಳ ಬಾಯಿಗೆ ‘ಇಲ್ಲ’ ಬರಲು ಏನೂ ತೊಂದರೆ ಇರಲಿಲ್ಲ. ನೋಡಲು ಬಂದ ಗಂಡುಗಳಿಗೆ ಅವರು ಚಹಾ ಕುಡಿಯುತ್ತಿರುವಾಗಲೇ ‘ನನಗೆ ಮನಸ್ಸಿಲ್ಲ’ ಎಂದು ಹೇಳಿಬಿಡುತ್ತಿದ್ದಳು, ಆಮೇಲೆ ಅವಳ ಮನೆಗೆ ಗಂಡುಗಳು ಬರುವುದೇ ನಿಂತಿತ್ತು. ಅವಳಿಗೇನೂ ಅದರಿಂದ ಬೇಸರವಾದಂತೆ ಕಾಣಲಿಲ್ಲ. ಊರಿಡೀ ಟೈಲರನನ್ನು ‘ಶೀನಪ್ಪಣ್ಣ’ ಅನ್ನುತ್ತಿದ್ದರೂ ದಮಯಂತಿ ಮಾತ್ರ ‘ಟೈಲರ್ರೆ’ ಅನ್ನುತ್ತಿದ್ದಳು. ಆ ‘ಅಣ್ಣ’ನನ್ನು ಯಾಕೆ ಸೇರಿಸುವುದಿಲ್ಲ ಎಂದು ನನಗೆ ಹೊಳೆಯಲು ವರ್ಷಗಳೇ ಬೇಕಾದವು. ಮಕ್ಕಳಿಗೆ ಪಾಠ ಹೇಳುವವರ ಬುದ್ಧಿಯೇ ಇಷ್ಟು.

ಉಂಡೆ ಬಂದದ್ದು ಮೊಯ್ದಿನಬ್ಬನ ಕೈಯಲ್ಲಿ. ಅವನೂ ಶೀನಪ್ಪಣ್ಣನೂ ಶಾಲೆಯಲ್ಲಿ ಒಂದೇ ಬೆಂಚಿನವರು. ದುಬಾಯಿಗೆ ಹೋದ ಮೊಯ್ದಿನಬ್ಬ ಮದುವೆಗೆಂದು ರಜೆಯಲ್ಲಿ ಬಂದಾಗ ಗೆಳೆಯನಿಂದಲೇ ಸಫಾರಿ ಸೂಟು ಹೊಲಿಸಿಕೊಂಡಿದ್ದ. ಗೆಳೆಯನ ಗುಣ ಗೊತ್ತಿದ್ದುದರಿಂದ ಬಟ್ಟೆ ಕೊಟ್ಟು ಮನೆಗೆ ಹೋಗಲಿಲ್ಲ. ಹೊಲಿಗೆ ಮುಗಿಯುವವರೆಗೆ ಬೆಂಚಿನಲ್ಲೇ ಕೂತಿದ್ದ, ಊಟ ಕೂಡ ಅಲ್ಲಿಗೇ ತರಿಸಿದ. ಆ ಸಫಾರಿ ದುಬಾಯಿಯಲ್ಲಿ ಭಾರೀ ಹೆಸರು ಮಾಡಿತಂತೆ. ಆ ಸಂತೋಷಕ್ಕೆ ಮುಂದಿನ ರಜೆಯಲ್ಲಿ ಶೀನಪ್ಪಣ್ಣನಿಗೆಂದು ಒಂದು ಕಪ್ಪು ಉಂಡೆ ತಂದ.

ಕೈಯಲ್ಲಿ ಹಿಡಿದರೆ ಸಣ್ಣ ಎಳನೀರು ಬೊಂಡದಷ್ಟು ತೂಕ, ಕುಲುಕಿದರೆ ಒಳಗೆ ನೀರಿನ ಸದ್ದು, ಅಡಿಯಲ್ಲಿ ಒಂದು ಚಪ್ಪಟೆ ಗಾಜಿನ ಕಿಟಕಿ. ಏನಾದರೂ ಪ್ರಶ್ನೆ ಕೇಳಿ, ಕುಲುಕಿ, ಮಗುಚಿ ಹಿಡಿದರೆ ನೀಲಿ ನೀರಿನೊಳಗಿಂದ ಒಂದು ಬಿಲ್ಲೆ ತೇಲಿ ಬಂದು ಕಿಟಕಿಗೆ ಮುಖ ಒತ್ತುತ್ತಿತ್ತು. ಅದರ ಮೇಲೆ ಇಂಗ್ಲಿಷಿನಲ್ಲಿ ಉತ್ತರ. ಮೊದಲ ದಿನ ಓದಿ ಹೇಳಿದವಳು ನಾನೇ. ಕೆಲವು ‘ಹೌದು, ಖಂಡಿತ’ ಎಂಬಂಥವು, ಕೆಲವು ‘ಇಲ್ಲ’ ಎಂಬಂಥವು, ಮತ್ತೆ ಕೆಲವು ‘ಈಗ ಹೇಳಲಾಗದು, ಆಮೇಲೆ ಕೇಳು’ ಎಂಬಂಥವು. ಈ ಮೂರನೆಯದು ಬಂದಾಗ ಶೀನಪ್ಪಣ್ಣನಿಗೆ ಆದ ಖುಷಿ ಹೇಳಿ ಪೂರೈಸದು. ದುಬಾಯಿಯಲ್ಲೂ ತನ್ನಂಥವರು ಇದ್ದಾರೆ ಎಂದು ಧೈರ್ಯ ಬಂದಿರಬೇಕು. ಅದು ಮಕ್ಕಳ ಆಟಿಕೆ, ಯಾವ ಮುಖ ಮೇಲೆ ಬಂದರೆ ಅದೇ ಉತ್ತರ, ಅಷ್ಟೇ ಎಂದು ನಾನು ಹೇಳಿದೆ. ಎಲ್ಲರೂ ತಲೆಯಾಡಿಸಿದರು, ಯಾರೂ ಕೇಳಲಿಲ್ಲ.

ಶೀನಪ್ಪಣ್ಣನಿಗೆ ಅದು ದೊಡ್ಡ ಉಪಕಾರವೇ ಆಯಿತು. ಬಟ್ಟೆ ಗುರುವಾರ ಸಿಗುತ್ತದಾ ಎಂದು ಯಾರಾದರೂ ಕೇಳಿದರೆ ಅವನು ಬಾಯಿ ತೆರೆಯಬೇಕಾಗಿರಲಿಲ್ಲ. ಉಂಡೆ ಕುಲುಕಿ ತೋರಿಸಿದರೆ ಆಯಿತು. ತನ್ನ ಬಾಯಿಯಲ್ಲಿ ಬಾರದ ‘ಇಲ್ಲ’ ಅದರ ಬಾಯಿಯಲ್ಲಿ ಬರುತ್ತಿತ್ತು. ಆಯುಧಪೂಜೆಯ ದಿನ ಮಿಷನ್ನು, ಕತ್ತರಿ, ಇಸ್ತ್ರಿಪೆಟ್ಟಿಗೆಗಳ ಸಾಲಿನಲ್ಲಿ ಉಂಡೆಗೂ ಗಂಧದ ಬೊಟ್ಟು, ಒಂದು ದಾಸವಾಳ. ನನ್ನ ಮದುವೆಯ ರವಕೆಯ ವಿಷಯ ಹೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಮದುವೆಯ ಹೊತ್ತಿಗೆ ಆಗುತ್ತದಾ ಎಂದು ನಾನು ಕೇಳಿದ್ದಕ್ಕೆ ಉಂಡೆ ‘ಸಂಶಯವೇ ಬೇಡ’ ಅಂದಿತ್ತು. ಮದುವೆಯ ಬೆಳಿಗ್ಗೆ ದಮಯಂತಿ ಮೊದಲ ಬಸ್ಸಿನಲ್ಲಿ ಅದನ್ನು ಹಿಡಿದುಕೊಂಡು ಪುತ್ತೂರಿಗೆ ಬಂದಳು. ಹುಕ್ಕು ಇರಲಿಲ್ಲ. ವಾದ್ಯದವರು ಹೊರಗೆ ಶ್ರುತಿ ಹಿಡಿಯುತ್ತಿರುವಾಗ ಒಳಗೆ ಅವಳು ನನ್ನ ಬೆನ್ನಿನ ಮೇಲೆಯೇ ಹುಕ್ಕು ಹೊಲಿದಳು.

ಬೆಂಚಿನಲ್ಲಿ ಕೂತವರು ಬರೀ ಬಟ್ಟೆಯ ವಿಷಯವೇ ಕೇಳುತ್ತಾರೆಯೆ? ತಮ್ಮ ತಮ್ಮ ಮನೆಯ ಪ್ರಶ್ನೆಗಳು ಹೊರಗೆ ಬರತೊಡಗಿದವು. ಅಲ್ಲಿ ಒಂದು ವಿಚಿತ್ರವಾಯಿತು. ಉಂಡೆ ಮಾಡಿದ ಪುಣ್ಯಾತ್ಮರಿಗೆ ನಮ್ಮ ಊರು ಗೊತ್ತಿರಲಿಲ್ಲ. ಹೌದು, ಇಲ್ಲ ಎಂದು ಹೇಳಿಬಿಟ್ಟರೆ ಕೆಲಸ ಮುಗಿಯಿತು ಎಂದು ಅವರು ತಿಳಿದಿದ್ದರು. ನಮ್ಮಲ್ಲಿ ಪ್ರಶ್ನೆ ಇಡಿಸಿದರೆ ಜೋಯಿಸರು ಬರೀ ‘ಆಗುವುದಿಲ್ಲ’ ಎಂದು ಹೇಳಿ ಕವಡೆ ಕಟ್ಟಿಡುವ ಕ್ರಮ ಇದೆಯೇ? ದೋಷ ಇದ್ದ ಮೇಲೆ ಅದಕ್ಕೊಂದು ಪರಿಹಾರ ಇರಲೇಬೇಕು. ಪರಿಹಾರ ಕೇಳದೆ ಎದ್ದು ಹೋದರೆ ಪ್ರಶ್ನೆ ಇಟ್ಟಂತೆಯೇ ಅಲ್ಲ.

ಮೊದಲು ಕೇಳಿದವರು ತ್ಯಾಂಪಣ್ಣ. ತಮ್ಮನಿಗೂ ಅವರಿಗೂ ತೋಟಕ್ಕೆ ಬಿಡುವ ತೋಡಿನ ನೀರಿನ ಜಗಳ, ಮಾತು ಬಿಟ್ಟು ಕಾಲವಾಗಿತ್ತು. ತಮ್ಮ ದಾರಿಗೆ ಬರುತ್ತಾನಾ ಎಂದು ಕೇಳಿದರು. ಉಂಡೆ ‘ಇಲ್ಲ’ ಅಂದಿತು. ತ್ಯಾಂಪಣ್ಣ ಹೆಗಲ ಬೈರಾಸು ವಸ್ತ್ರವನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಉಂಡೆಗೆ ಕೈ ಮುಗಿದು, ಇದಕ್ಕೆ ಪರಿಹಾರ ಎಂತ ಎಂದು ಕೇಳಿದರು. ಆಗ ದಮಯಂತಿ, ಕಾಜಾದಿಂದ ತಲೆ ಎತ್ತದೆ, ಹಲ್ಲಿನಲ್ಲಿ ನೂಲು ತುಂಡು ಮಾಡಿ ಹೇಳಿದಳು:

“ತಮ್ಮನ ಮನೆಗೆ ಒಂದು ಹಲಸಿನಹಣ್ಣು ಹೊತ್ತುಕೊಂಡು ಹೋಗಿ. ಅಲ್ಲಿಯೇ ಕೂತು ನೀವೇ ಕೊಯ್ದು ಬಿಡಿಸಿ ಎಲ್ಲರಿಗೂ ಕೊಟ್ಟು ಬರ್ಬೇಕು. ಶನಿವಾರ ಆಗ್ಬೇಕು.”

ಶನಿವಾರ ಯಾಕೆ ಎಂದು ಆಮೇಲೆ ನಾನು ಕೇಳಿದೆ. ವಾರ ಹೇಳದಿದ್ದರೆ ಅದನ್ನು ಪರಿಹಾರ ಎಂದು ಯಾರು ನಂಬುತ್ತಾರೆ ಎಂದು ಅವಳ ಉತ್ತರ. ತ್ಯಾಂಪಣ್ಣ ಅಕ್ಷರಶಃ ಹಾಗೆಯೇ ಮಾಡಿದರು. ಹಲಸು ಬಿಡಿಸುವುದು ಎಂದರೆ ನಿಂತ ಕಾಲಲ್ಲಿ ಆಗುವ ಕೆಲಸವಲ್ಲ. ಕೈಗೆ ಮೇಣ ಹಿಡಿಯಿತು, ತಮ್ಮನ ಹೆಂಡತಿ ತೆಂಗಿನೆಣ್ಣೆ ತಂದುಕೊಟ್ಟಳು, ಕೈ ತೊಳೆಯುವುದರೊಳಗೆ ಮಾತು ಶುರುವಾಗಿತ್ತು. ನೀರು ಅಣ್ಣನಿಗೆ ಬೆಳಿಗ್ಗೆ, ತಮ್ಮನಿಗೆ ಸಂಜೆ ಎಂದು ತೀರ್ಮಾನವಾಯಿತು. ಉಂಡೆ ‘ಇಲ್ಲ’ ಅಂದದ್ದನ್ನು ಜಾಲ್ಸೂರು ಮರೆತೇ ಬಿಟ್ಟಿತು, ಪರಿಹಾರ ಮಾತ್ರ ಊರೂರು ತಿರುಗಿತು.

ಆಮೇಲೆ ಜನ ಬರತೊಡಗಿದ್ದು ಉಂಡೆಗಲ್ಲ, ‘ಇಲ್ಲ’ ಎಂದು ಬಂದ ಮೇಲೆ ಸಿಗುವ ಪರಿಹಾರಕ್ಕೆ. ‘ಹೌದು’ ಎಂದು ಬಂದರೆ ಕೆಲವರ ಮುಖ ಸಣ್ಣದಾಗುತ್ತಿತ್ತು. ಅತ್ತೆಯ ಸಿಟ್ಟು ಕಡಿಮೆಯಾಗುವುದಾ ಎಂದು ಕೇಳಿದ ಸೊಸೆಯೊಬ್ಬಳಿಗೆ, ಹಬ್ಬಕ್ಕೆ ತನ್ನ ರವಕೆಗಿಂತ ಮೊದಲು ಅತ್ತೆಯದನ್ನು ಹೊಲಿಸಬೇಕು, ಬಟ್ಟೆ ಮಂಗಳವಾರ ತರಬೇಕು ಎಂದು ದಮಯಂತಿ ವಿಧಿಸಿದಳು. ಅತ್ತೆ ತಣ್ಣಗಾದರು. ರವಕೆ ಹಬ್ಬ ಕಳೆದ ಮೇಲೆ ಸಿಕ್ಕಿತು, ಆದರೆ ಆ ಸಿಟ್ಟು ಟೈಲರನ ಮೇಲೆ ಹೋದ ಕಾರಣ ಮನೆಯೊಳಗೆ ಶಾಂತಿಯೇ ಇತ್ತು. ಶೀನಪ್ಪಣ್ಣ ಇದನ್ನೆಲ್ಲ ಮಿಷನ್ ನಿಲ್ಲಿಸಿ ಕೇಳುತ್ತಿದ್ದ. ತಾನು ಮಾತ್ರ ಒಂದು ದಿನವೂ ಉಂಡೆಗೆ ತನ್ನದೆಂದು ಒಂದು ಪ್ರಶ್ನೆ ಕೇಳಿದವನಲ್ಲ.

ಎಂಬತ್ತೊಂದರ ಚಳಿಗಾಲದಲ್ಲಿ ಮೊಯ್ದಿನಬ್ಬ ಮತ್ತೆ ರಜೆಯಲ್ಲಿ ಬಂದ. ಅವನ ಧಣಿ ದುಬಾಯಿಯಲ್ಲಿ ಟೈಲರ್ ಅಂಗಡಿ ತೆರೆಯುತ್ತಾನಂತೆ. ಆ ಸಫಾರಿ ಹೊಲಿದವನೇ ಬೇಕಂತೆ. ವೀಸಾ ತಯಾರು, ಬಂದರೆ ಸಾಕು. ಬಹಳ ಪ್ರೀತಿಯಿಂದ ಹೇಳಿದ, ಅದರಲ್ಲಿ ಸಂಶಯವಿಲ್ಲ. ಗೆಳೆಯ ಒಂದು ಕೋಣೆಯಲ್ಲೇ ಬಗ್ಗಿ ಬಗ್ಗಿ ಮುದುಕನಾಗಬಾರದು ಎಂದು ಅವನ ಆಸೆ. ಶೀನಪ್ಪಣ್ಣ ಏನೆಂದ? ‘ನೋಡುವ’ ಅಂದ.

ವರ್ಷಗಟ್ಟಲೆ ದುಬಾಯಿಯಲ್ಲಿದ್ದ ಮೊಯ್ದಿನಬ್ಬನಿಗೆ ನಮ್ಮ ‘ನೋಡುವ’ದ ಅಭ್ಯಾಸ ತಪ್ಪಿತ್ತೋ, ಅಥವಾ ಬೇಕೆಂದೇ ತನಗೆ ಬೇಕಾದ ಹಾಗೆ ತಿಳಿದನೋ, ಅದನ್ನು ಹೌದೆಂದೇ ಹಿಡಿದು ಊರಿಗೆಲ್ಲ ಸುದ್ದಿ ಹೇಳಿದ. ಸುಳ್ಯದ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದ. ಪಾಸ್‌ಪೋರ್ಟೂ ಬಂತು. ಅಂಗಡಿಯ ಕೋಣೆಯನ್ನು ಸೋಡ ಮಾರುವವನೊಬ್ಬನಿಗೆ ಕೊಡುವುದೆಂದು ಕಟ್ಟಡದ ಧಣಿಗಳು ಮಾತು ಕೊಟ್ಟರು. ‘ಹೋಗುವ ಮೊದಲು’ ಎಂದು ಜನ ಬಟ್ಟೆಯ ರಾಶಿ ತಂದು ಹಾಕಿದರು, ಅದಕ್ಕೂ ‘ಆಯ್ತು’. ಆಮೇಲೆ ಬೀಳ್ಕೊಡುಗೆಯ ಊಟಗಳು ಶುರುವಾದವು. ಇವತ್ತು ಒಬ್ಬರ ಮನೆಯಲ್ಲಿ ಕೋಳಿರೊಟ್ಟಿ, ನಾಳೆ ಇನ್ನೊಬ್ಬರಲ್ಲಿ ಪಾಯಸ. ಒಂದೊಂದು ಊಟ ಉಂಡ ಹಾಗೆಲ್ಲ ಶೀನಪ್ಪಣ್ಣ ಸೊರಗುತ್ತಾ ಹೋದ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂದು ನನ್ನ ಅಮ್ಮ ಹೇಳುತ್ತಿದ್ದ ಗಾದೆ ನನಗೆ ಪೂರ್ತಿ ಅರ್ಥವಾದದ್ದು ಆ ದಿನಗಳಲ್ಲಿ.

ದಮಯಂತಿ ಬೀಡಿ ಕಟ್ಟಲು ಬ್ರಾಂಚಿನಿಂದ ಪುನಃ ಎಲೆ ತರುವ ಮಾತಾಡಿ ಬಂದಿದ್ದಳು ಎಂದು ಯಾರೋ ಹೇಳಿದರು. ಆ ವಾರಗಳಲ್ಲಿ ಅವಳು ಯಾರಿಗೂ ಪರಿಹಾರ ಹೇಳಲಿಲ್ಲ, ಕೇಳಿದರೆ ಇವತ್ತು ದಿನ ಸರಿ ಇಲ್ಲ ಅನ್ನುತ್ತಿದ್ದಳು. ಕಾಜಾ ಮಾತ್ರ ಮೊದಲಿಗಿಂತ ಬಿಗಿಯಾಗಿ ಬೀಳುತ್ತಿತ್ತು, ಬಟನ್ ಹಾಕಲು ನನ್ನ ಯಜಮಾನರು ಹೆಣಗುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ನಿಮಗೆ ಹೋಗಲು ಮನಸ್ಸುಂಟಾ ಎಂದು ಶೀನಪ್ಪಣ್ಣನನ್ನೇ ಕೇಳಿದೆ. ಅವನು ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿದ.

“ಮೊಯ್ದಿನ ಅಷ್ಟು ಪ್ರೀತಿಯಲ್ಲಿ ಹೇಳಿದ್ದಾನೆ ಟೀಚರ್. ಅವನ ಮುಖ ನೋಡಿ ಇಲ್ಲ ಹೇಳುದು ಹೇಗೆ?”

ಈ ಮನುಷ್ಯ ಒಂದು ಮಾತು ಹೇಳಲಾಗದೆ ಸಮುದ್ರ ದಾಟುತ್ತಾನೆ ಎಂದು ನನಗೆ ಖಾತ್ರಿಯಾಯಿತು. ಕೋಪವೂ ಬಂತು, ಅಳುವೂ ಬಂತು.

ಮುಂದಿನ ವಾರ ಒಂದು ಬೆಳಿಗ್ಗೆ ಮೊಯ್ದಿನಬ್ಬ ಅವನನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ ಟಿಕೇಟು ಮಾಡಿಸುವುದೆಂದು ನಿಗದಿಯಾಗಿತ್ತು. ಅದರ ಹಿಂದಿನ ದಿನ ಶಾಲೆ ಬಿಟ್ಟು ಬರುವಾಗ ನನ್ನ ಬಟ್ಟೆಯಾದರೂ ಸಿಗಲಿ ಎಂದು ಅಂಗಡಿಗೆ ಹೋದೆ. ಬೆಂಚು ಖಾಲಿ. ಶೀನಪ್ಪಣ್ಣ ಮಿಷನ್ನಿಗೆ ಎಣ್ಣೆ ಹಾಕಿ ಒರೆಸುತ್ತಿದ್ದ, ಮದುವೆಯಾಗಿ ಹೋಗುವ ಮಗಳ ತಲೆ ಬಾಚುವವರ ಹಾಗೆ. ಒರೆಸಿ ಮುಗಿಸಿ, ಕಪಾಟಿನ ಮೇಲಿನಿಂದ ಉಂಡೆ ತೆಗೆದ. ಎರಡೂ ಕೈಯಲ್ಲಿ ಹಿಡಿದು, ನಾನು ಹೋಗುವುದಾ ಎಂದು ಮೆಲ್ಲಗೆ ಕೇಳಿ ಕುಲುಕಿದ.

ಅದು ಅವನ ಮೊದಲ ಪ್ರಶ್ನೆ. ಉತ್ತರ ಓದಲಿ ಎಂದು ದಮಯಂತಿಯ ಕಡೆ ಹಿಡಿದ. ಇಷ್ಟರಲ್ಲಿ ಅವಳಿಗೆ ಆ ಇಂಗ್ಲಿಷೆಲ್ಲ ಬಾಯಿಪಾಠವಾಗಿತ್ತು, ಆದರೂ ಅವಳು ತಲೆ ಎತ್ತಲಿಲ್ಲ. ಆಗ ನನ್ನ ಕಡೆ ತಿರುಗಿಸಿದ. ಬಿಲ್ಲೆ ನಿಧಾನವಾಗಿ ತೇಲಿ ಬಂತು. ‘ಹೌದು, ಖಂಡಿತ.’ ಸುಳ್ಳು ಓದಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಆದರೆ ಬರೆದದ್ದನ್ನು ಬರೆದ ಹಾಗೆ ಓದಿ ಓದಿ ಅಭ್ಯಾಸವಾದ ಬಾಯಿ, ಅದರ ಪಾಡಿಗೆ ಅದು ಓದಿತು.

ಹೊರಗೆ ಕಾಸರಗೋಡಿನ ಬಸ್ಸು ಬಂದು ಹೋಯಿತು. ಶೀನಪ್ಪಣ್ಣ ಉಂಡೆಯನ್ನು ಮೇಜಿನ ಮೇಲೆ ಇಟ್ಟ. ಇನ್ನು ಮಾತಾಡಲಿಕ್ಕಿಲ್ಲ ಎಂದು ನಾನು ಚೀಲ ಎತ್ತಿಕೊಂಡೆ. ಆಗ ಅವನು ದಮಯಂತಿಯ ಕಡೆ ತಿರುಗಿ, ತ್ಯಾಂಪಣ್ಣ ಕೇಳಿದ ಹಾಗೆಯೇ ಕೇಳಿದ:

“ಇದಕ್ಕೆ ಪರಿಹಾರ ಎಂತ?”

ಅಷ್ಟು ವರ್ಷಗಳಲ್ಲಿ ಆ ಅಂಗಡಿಯಲ್ಲಿ ‘ಹೌದು’ ಎಂದು ಬಂದದ್ದಕ್ಕೆ ಪರಿಹಾರ ಕೇಳಿದವರು ಯಾರೂ ಇರಲಿಲ್ಲ. ದಮಯಂತಿಯ ಸೂಜಿ ನಿಂತಿತು. ಅವಳು ಅವನ ಮುಖವನ್ನು ನೇರವಾಗಿ ನೋಡಿದಳು.

“ಉಂಟು. ಮೊಯ್ದಿನಬ್ಬನ ಮನೆಗೆ ನಡೆದುಕೊಂಡು ಹೋಗಿ. ಅವರ ಮುಖ ನೋಡಿ, ‘ನಾನು ಬರುದಿಲ್ಲ’ ಹೇಳಿ. ‘ನೋಡುವ’ ಹೇಳಿದ್ರೆ ಫಲ ಇಲ್ಲ.”

“ಯಾವ ವಾರ?”

“ಇವತ್ತೇ ಆಗ್ಬೇಕು.”

ಶೀನಪ್ಪಣ್ಣ ಚಪ್ಪಲಿ ಮೆಟ್ಟಿ ಹೊರಟ. ಟೇಪು ಕುತ್ತಿಗೆಯಲ್ಲೇ ಉಳಿದಿತ್ತು. ದಮಯಂತಿ ಪುನಃ ಕಾಜಾ ಹಿಡಿದಳು, ಆದರೆ ನೂಲು ಪೋಣಿಸಲು ಅವಳಿಂದ ಆಗಲಿಲ್ಲ, ನಾನೇ ಪೋಣಿಸಿ ಕೊಟ್ಟೆ. ನನ್ನ ಬಸ್ಸು ಹೋಯಿತು, ಅದರ ನಂತರದ್ದೂ ಹೋಯಿತು. ಅವನಿಗೆ ಬಾಯಿ ಬಂದಿರಲಿಕ್ಕಿಲ್ಲ, ಅಲ್ಲಿಯೇ ಕೂತು ಬಿರಿಯಾನಿ ಉಣ್ಣುತ್ತಿದ್ದಾನೆ ಎಂದೇ ನಾನು ತಿಳಿದೆ.

ದೀಪ ಹಚ್ಚುವ ಹೊತ್ತಿಗೆ ಅವನು ಬಂದ, ಜೊತೆಯಲ್ಲಿ ಮೊಯ್ದಿನಬ್ಬನೂ ಬಂದ. ಟಿಕೇಟು ಗಟ್ಟಿಯಾಯಿತು ಎಂದುಕೊಂಡೆ. ಆದರೆ ಮೊಯ್ದಿನಬ್ಬ ಬೆಂಚಿನಲ್ಲಿ ಕೂತು ನಮ್ಮಿಬ್ಬರಿಗೇ ದೂರು ಹೇಳಿದ. ಇವನು ಗೇಟಿನಲ್ಲಿ ನಿಂತು ಬೆವರುತ್ತಿದ್ದನಂತೆ, ಯಾರಾದರೂ ತೀರಿಹೋದ ಸುದ್ದಿ ತಂದಿದ್ದಾನೆ ಎಂದು ಮನೆಯವರೆಲ್ಲ ಹೊರಗೆ ಓಡಿ ಬಂದರಂತೆ, ಕೊನೆಗೆ ‘ನಾನು ಬರುದಿಲ್ಲ’ ಎಂದು ಕಣ್ಣು ಮುಚ್ಚಿಕೊಂಡು ಹೇಳಿದನಂತೆ. ತನ್ನ ಚಿಕ್ಕಪ್ಪನ ಮಗ ಕಬೀರನಿಗೂ ಹೊಲಿಗೆ ಬರುತ್ತದೆ, ನನ್ನನ್ನು ಕರೆದುಕೊಂಡು ಹೋಗು ಎಂದು ಮೊದಲ ದಿನದಿಂದ ಕಾಲು ಹಿಡಿಯುತ್ತಿದ್ದಾನೆ, ಅವನು ಹೋಗುತ್ತಾನೆ ಅಂದ. ಬೇಸರವಿಲ್ಲವೆಂದಲ್ಲ, ಬೇಸರ ಮೊಯ್ದಿನಬ್ಬನ ಮುಖದಲ್ಲಿ ಕಾಣುತ್ತಿತ್ತು. “ಇದನ್ನು ಮೊದಲೇ ಹೇಳಿದ್ರೆ ಆಗ್ತಿರ್ಲಿಲ್ವಾ ಮಾರಾಯ” ಎಂದು ಗೆಳೆಯನ ಬೆನ್ನಿಗೊಂದು ಗುದ್ದಿ, ನಮಗೆಲ್ಲ ಹೋಟೆಲಿನಿಂದ ಚಹಾ ಹೇಳಿ ಹೋದ. ಸೋಡದವನಿಗೆ ಬೇರೆ ಕೋಣೆ ನೋಡಿಕೊಟ್ಟವನೂ ಅವನೇ.

ಚಹಾ ಬಂತು. ಶೀನಪ್ಪಣ್ಣನ ಮುಖದಲ್ಲಿ ಜ್ವರ ಬಿಟ್ಟವರ ಕಳೆ ಇತ್ತು. ಲೋಟ ಕೆಳಗಿಟ್ಟು ಇನ್ನೊಂದು ಪ್ರಶ್ನೆ ಉಂಟು ಅಂದ, ಮೇಜಿನ ಮೇಲಿನ ಉಂಡೆಗೆ ಕೈ ಚಾಚಿದ. ದಮಯಂತಿ ಅದಕ್ಕಿಂತ ಮೊದಲೇ ಉಂಡೆಯ ಮೇಲೆ ಕೈ ಇಟ್ಟಳು.

“ಅದರ ಹತ್ತಿರ ಕೇಳುದು ಬೇಡ ಟೈಲರ್ರೆ. ನನ್ನ ಹತ್ತಿರ ಕೇಳಿ.”

ನಾನು ಅಲ್ಲಿ ಇದ್ದದ್ದು ಅವರಿಬ್ಬರಿಗೂ ನೆನಪಿರಲಿಲ್ಲ. ಎದ್ದು ಹೋಗಬೇಕಿತ್ತು, ಸಭ್ಯತೆ ಅದೇ. ನಾನು ಹೋಗಲಿಲ್ಲ. ಶೀನಪ್ಪಣ್ಣ ಕೇಳಿದ, ಒಂದೂ ಮಾತು ನುಂಗದೆ ನೇರವಾಗಿ ಕೇಳಿದ. ಬಂದ ಗಂಡುಗಳನ್ನೆಲ್ಲ ಮುಖ ಮುರಿದು ಕಳಿಸಿದವಳು ಸೂಜಿಯನ್ನು ರವಕೆಯ ತುದಿಗೆ ಚುಚ್ಚಿಕೊಂಡು, ಹೊಲಿದ ಅಂಗಿಯನ್ನು ಮಡಚಿ ಬದಿಗಿಟ್ಟು, ಮೊದಲ ಸಲ ನಗುತ್ತಾ ಹೇಳಿದಳು:

“ನೋಡುವ.”

ನಮ್ಮಲ್ಲಿ ಆ ಮಾತಿನ ಅರ್ಥ ಯಾರೂ ಖಚಿತವಾಗಿ ಹೇಳಲಾರರು. ಆ ಸಂಜೆ ಮಾತ್ರ ನಮ್ಮ ಮೂವರಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಸಂತೋಷದಲ್ಲಿ ನನ್ನ ಬಟ್ಟೆ ಕೇಳುವುದನ್ನೂ ಮರೆತು ಬಂದೆ.

ಬೇಸಿಗೆಯಲ್ಲಿ ಅವರ ಮದುವೆಯಾಯಿತು. ಉಂಡೆಯ ನೀರು ಬರಬರುತ್ತಾ ಮಂಕಾಗಿ ಅಕ್ಷರ ಕಾಣದಾಯಿತು. ಅಡಿ ಚಪ್ಪಟೆ ಇರುವುದರಿಂದ ಉರುಳುವುದಿಲ್ಲ, ಬಟ್ಟೆ ಕತ್ತರಿಸುವಾಗ ಜಾರದ ಹಾಗೆ ಭಾರಕ್ಕೆ ಇಟ್ಟುಕೊಳ್ಳುತ್ತಿದ್ದರು. ಬೆಂಚಿನಲ್ಲಿ ಕೂತವರು ಈಗ ಉಂಡೆಯ ಸುದ್ದಿಗೇ ಹೋಗದೆ ನೇರವಾಗಿ ಪರಿಹಾರ ಕೇಳುತ್ತಿದ್ದರು, ದಮಯಂತಿ ವಾರ ಸಮೇತ ಹೇಳುತ್ತಿದ್ದಳು. ಶೀನಪ್ಪಣ್ಣ ಪುನಃ ‘ಆಯ್ತು’, ‘ನೋಡುವ’ಕ್ಕೆ ಮರಳಿದ್ದ. ನನ್ನ ಮಗಳ ಲಂಗ ಅವಳಿಗೆ ಗಿಡ್ಡವಾದ ಮೇಲೆ ಸಿಕ್ಕಿತು.

ಒಂದು ವಿಷಯ ಹೇಳಲು ಬಿಟ್ಟೆ. ದಮಯಂತಿಯ ಧಾರೆಯ ರವಕೆ ಮದುವೆಗೆ ಇನ್ನೂ ಒಂದು ವಾರ ಇರುವಾಗಲೇ ಹುಕ್ಕು ಸಮೇತ ತಯಾರಾಗಿ, ಇಸ್ತ್ರಿಯಾಗಿ, ಅಂಗಡಿಯ ಗೋಡೆಯಲ್ಲಿ ತೂಗುತ್ತಿತ್ತು. ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ಹಾಗಾದರೆ ನಿಮಗೆ ಹೇಳಿದ ದಿನಕ್ಕೆ ಕೊಡಲು ಬರುತ್ತದೆ, ನನ್ನದನ್ನು ಯಾಕೆ ಹಾಗೆ ಮಾಡಿದಿರಿ ಎಂದು ಜಗಳಕ್ಕೇ ನಿಂತೆ. ಶೀನಪ್ಪಣ್ಣ ಮಿಷನ್ ನಿಲ್ಲಿಸಿ ಹೇಳಿದ:

“ನೀವು ಉಂಡೆಯ ಹತ್ತಿರ ಕೇಳಿದ್ರಿ ಟೀಚರ್. ಇವಳು ನನ್ನ ಹತ್ತಿರ ಕೇಳಿದ್ಲು.”